ವರದಿಯಲ್ಲಿದ್ದ 1.6: ಹರ್ಪಿಸ್ ರಕ್ತಪರೀಕ್ಷೆಯನ್ನು ಸಂಶಯಿಸಿದ ಯುವತಿಯೊಬ್ಬರ ಪ್ರಕರಣ

ಈ ಪ್ರಕರಣವನ್ನು ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಉದ್ಯೋಗ ಮತ್ತು ಮನೆಯ ವಿವರಗಳನ್ನು ಬದಲಿಸಿದ್ದೇನೆ.

ಆಟಿ ತಿಂಗಳ ಒಂದು ಮಧ್ಯಾಹ್ನ ಅವರು ಉಡುಪಿಯ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಬಂದರು. ಕೆಲಸ ಮಂಗಳೂರಿನಲ್ಲಿದ್ದರೂ ಅಲ್ಲಿ ಪರಿಚಯದವರು ಯಾರಾದರೂ ನೋಡಿಬಿಟ್ಟರೆ ಎಂಬ ಅಂಜಿಕೆಯಿಂದ, ರಜೆ ಹಾಕಿ ಬಸ್ಸು ಹಿಡಿದು ಬಂದಿದ್ದರು. ನಿಶ್ಚಿತಾರ್ಥವಾಗಿತ್ತು, ದೀಪಾವಳಿಯ ನಂತರ ಮದುವೆ. ದುಬೈಯಲ್ಲಿರುವ ಹುಡುಗ ಮತ್ತು ಇವರು ಇಬ್ಬರೂ ಮದುವೆಗೆ ಮೊದಲು ಆರೋಗ್ಯ ತಪಾಸಣೆ ಮಾಡಿಸಿಕೊಳ್ಳೋಣವೆಂದು ಮಾತಾಡಿಕೊಂಡಿದ್ದರು. ಖಾಸಗಿ ಪ್ರಯೋಗಾಲಯವೊಂದರ ಪ್ಯಾಕೇಜಿನಲ್ಲಿ, ಲೈಂಗಿಕ ಸಂಪರ್ಕದಿಂದಲೂ ಹರಡುವ ಹರ್ಪಿಸ್ ಎಂಬ ವೈರಸ್ಸಿನ ಪರೀಕ್ಷೆಯೂ ಸೇರಿತ್ತು. ರಾತ್ರಿ ಹತ್ತು ಗಂಟೆಗೆ ವಾಟ್ಸ್ಯಾಪ್‌ನಲ್ಲಿ ಬಂದ ವರದಿಯಲ್ಲಿ ‘ಪಾಸಿಟಿವ್’ ಎಂಬ ಪದ ಕೆಂಪಕ್ಷರದಲ್ಲಿತ್ತು. ಅದರ ಅರ್ಥವೇನೆಂದು ಹೇಳುವವರು ಯಾರೂ ಇರಲಿಲ್ಲ.

ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನಲ್ಲಿ (ಎಚ್‌ಎಸ್‌ವಿ) ಎರಡು ಬಗೆ, ಒಂದನೆಯದು ಹೆಚ್ಚಾಗಿ ತುಟಿಯಲ್ಲಿ, ಎರಡನೆಯದು ಹೆಚ್ಚಾಗಿ ಗುಪ್ತಾಂಗದಲ್ಲಿ ಗುಳ್ಳೆ ತರುತ್ತದೆ. ಐಜಿಜಿ, ಐಜಿಎಂ ಎಂಬವು ಸೋಂಕಿಗೆ ಪ್ರತಿಯಾಗಿ ದೇಹ ತಯಾರಿಸುವ ಪ್ರತಿಕಾಯಗಳು, ಇಂಡೆಕ್ಸ್ ಅವುಗಳ ಅಳತೆ. ವರದಿಯಲ್ಲಿ ಮೂರು ಅಂಶಗಳಿದ್ದವು. ಎಚ್‌ಎಸ್‌ವಿ-1ರ ಐಜಿಜಿ ಹೆಚ್ಚಾಗಿತ್ತು, ಎಚ್‌ಎಸ್‌ವಿ-2ರ ಐಜಿಜಿ ಇಂಡೆಕ್ಸ್ 1.6 ಇತ್ತು, ಐಜಿಎಂ ಅಲ್ಪ ಪಾಸಿಟಿವ್ ಎಂದಿತ್ತು. ಅವರಿಗೆ ಹಿಂದೆ ಒಂದು ಸಂಬಂಧವಿತ್ತು, ಅದು ಮುಗಿದು ಮೂರು ವರ್ಷವಾಗಿತ್ತು. ಗುಪ್ತಾಂಗದಲ್ಲಿ ಗುಳ್ಳೆಯಾಗಲಿ ಹುಣ್ಣಾಗಲಿ ಎಂದೂ ಆದದ್ದಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಿಟ್ಟ ಮೇಲೆ ತುಟಿಯಂಚಿನಲ್ಲಿ ಗುಳ್ಳೆ ಏಳುತ್ತಿದ್ದದ್ದು ಮಾತ್ರ ನೆನಪಿತ್ತು. “ಮೇಡಂ, ಈ ವರದಿ ತಪ್ಪಿರಬಹುದಾ, ಅಥವಾ ಒಪ್ಪಿಕೊಳ್ಳಲಾಗದೆ ನಾನೇ ಹಾಗೆ ಅಂದುಕೊಳ್ತಿದ್ದೇನಾ?” ಎಂದು ಕೇಳಿದರು.

ತನ್ನನ್ನೇ ಹೀಗೆ ಪ್ರಶ್ನಿಸಿಕೊಳ್ಳುವವರು ಕಡಿಮೆ. ವರದಿಯನ್ನು ನಂಬಲಾಗದೆ ಊರೂರು ಪ್ರಯೋಗಾಲಯ ಸುತ್ತುವವರನ್ನು ನಾನು ಕಂಡಿದ್ದೇನೆ, ಅಲ್ಲಿ ಸಂಶಯವು ದುಃಖದ ಇನ್ನೊಂದು ರೂಪವಾಗಿರುತ್ತದೆ. ಆದರೆ ಇವರ ಸಂಶಯಕ್ಕೆ ಆಧಾರ ವರದಿಯಲ್ಲಿಯೇ ಇತ್ತು, ಅದನ್ನು ಮೊದಲು ಸ್ಪಷ್ಟವಾಗಿ ಹೇಳಿದೆ.

ಐಜಿಎಂ ಫಲಿತಾಂಶವನ್ನು ಬದಿಗಿಡಿ ಎಂದೆ. ಅದು ಒಂದು ಮತ್ತು ಎರಡನೆಯ ಬಗೆಯ ವೈರಸ್‌ಗಳನ್ನು ಬೇರ್ಪಡಿಸುವುದಿಲ್ಲ, ಹೊಸ ಸೋಂಕು ಯಾವುದು ಹಳೆಯದು ಯಾವುದೆಂದೂ ಖಚಿತವಾಗಿ ಹೇಳುವುದಿಲ್ಲ. ಆದ್ದರಿಂದಲೇ ಹರ್ಪಿಸ್‌ಗೆ ಆ ಪರೀಕ್ಷೆ ಬೇಡವೆಂಬುದು ತಜ್ಞರ ಸಲಹೆ. ಎಚ್‌ಎಸ್‌ವಿ-1 ಬಹುಪಾಲು ಜನರಿಗೆ ಬಾಲ್ಯದಲ್ಲಿಯೇ ತಗಲಿರುತ್ತದೆ, ಅವರ ತುಟಿಯ ಗುಳ್ಳೆಗಳಿಗೂ ಅದೇ ಕಾರಣವಿರಬಹುದು. ಉಳಿದದ್ದು 1.6. ಸಾಮಾನ್ಯವಾಗಿ ಬಳಸುವ ಎಲೈಸಾ ಎಂಬ ಪ್ರತಿಕಾಯ ಪರೀಕ್ಷೆಯಲ್ಲಿ 1.1ಕ್ಕಿಂತ ಮೇಲಿನದನ್ನು ಪಾಸಿಟಿವ್ ಎಂದು ಬರೆಯುತ್ತಾರೆ, ಆದರೆ 3.0ಕ್ಕಿಂತ ಕೆಳಗಿನ ಪಾಸಿಟಿವ್‌ಗಳಲ್ಲಿ ಹುಸಿಯಾದವು ಬಹಳ. ಎಚ್‌ಎಸ್‌ವಿ-1 ಇರುವವರಲ್ಲಿ ಇಂತಹ ತಪ್ಪು ಇನ್ನಷ್ಟು ಆಗುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿಯ 2021ರ ಮಾರ್ಗಸೂಚಿಯೂ ಇಂತಹ ಫಲಿತಾಂಶವನ್ನು ಬೇರೊಂದು ವಿಧಾನದ ಪರೀಕ್ಷೆಯಿಂದ ದೃಢಪಡಿಸಬೇಕೆಂದು ಹೇಳುತ್ತದೆ.

ಅವರಿಗೆ ಲೆಕ್ಕ ಹಾಕಿ ತೋರಿಸಿದೆ. ಸಾವಿರ ಜನರಲ್ಲಿ ಮೂವತ್ತು ಮಂದಿಗೆ ಮಾತ್ರ ನಿಜವಾಗಿ ಸೋಂಕಿದೆ ಎಂದು ಇಟ್ಟುಕೊಳ್ಳೋಣ, ಪರೀಕ್ಷೆ ಆ ಮೂವತ್ತನ್ನೂ ಹಿಡಿಯಲಿ, ಸೋಂಕಿಲ್ಲದ ನೂರರಲ್ಲಿ ನಾಲ್ವರಿಗೆ ಮಾತ್ರ ತಪ್ಪಿ ಪಾಸಿಟಿವ್ ತೋರಿಸಲಿ. ಆಗಲೂ ಉಳಿದ 970 ಜನರಲ್ಲಿ ಸುಮಾರು 39 ಮಂದಿ ಹುಸಿ ಪಾಸಿಟಿವ್ ಆಗುತ್ತಾರೆ, ಅಂದರೆ ನಿಜವಾದವರಿಗಿಂತ ಹೆಚ್ಚು. ಎಚ್‌ಐವಿಯಲ್ಲಿ ನಾವು ಒಂದೇ ಕಿಟ್ ನೋಡಿ ಯಾರಿಗೂ ಪಾಸಿಟಿವ್ ಎಂದು ಹೇಳುವುದಿಲ್ಲ. ಲಕ್ಷಣವಿಲ್ಲದವರಿಗೆ ಬೇರೆ ಬೇರೆ ಬಗೆಯ ಮೂರು ಕಿಟ್‌ಗಳಲ್ಲಿಯೂ ಪಾಸಿಟಿವ್ ಬಂದರೆ ಮಾತ್ರ ಹೇಳುತ್ತೇವೆ. ಹರ್ಪಿಸ್‌ಗೆ ಆ ಎಚ್ಚರ ಯಾಕಿಲ್ಲ ಎಂದು ಅವರು ಕೇಳಿದಾಗ ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ.

ದೃಢೀಕರಣಕ್ಕೆ ಮಾದರಿಯೆನಿಸಿದ ಪರೀಕ್ಷೆ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ವೆಸ್ಟರ್ನ್ ಬ್ಲಾಟ್ ಎಂಬ ಇನ್ನೊಂದು ಬಗೆಯ ಪ್ರತಿಕಾಯ ಪರೀಕ್ಷೆ. ಅಲ್ಲಿಗೆ ರಕ್ತ ಕಳುಹಿಸುವ ದಾರಿಯನ್ನು ಅವರು ಆಗಲೇ ಹುಡುಕತೊಡಗಿದ್ದರು. ಅಷ್ಟು ದೂರ ಹೋಗುವ ಮೊದಲು ಚರ್ಮ ಮತ್ತು ಗುಹ್ಯರೋಗ ತಜ್ಞರನ್ನು ಕಾಣಿರಿ ಎಂದೆ. ಅದೇ ಪ್ರಯೋಗಾಲಯದಲ್ಲಿ ಅದೇ ಎಲೈಸಾವನ್ನು ಮತ್ತೆ ಮಾಡಿಸಿದರೆ ಅದೇ ತಪ್ಪು ಮರುಕಳಿಸಬಹುದು, ಆದುದರಿಂದ ಎರಡನೆಯ ಬಗೆಯ ವೈರಸ್ಸಿನ ಗ್ಲೈಕೊಪ್ರೋಟೀನ್-ಜಿ ಎಂಬ ಪ್ರೋಟೀನನ್ನು ಆಧರಿಸಿದ, ಬೇರೆ ವಿಧಾನದ ಐಜಿಜಿ ಪರೀಕ್ಷೆ ಎಲ್ಲಿದೆಯೆಂದು ವೈದ್ಯರಿಂದಲೇ ಕೇಳಿಕೊಳ್ಳಿರಿ ಎಂದು ತಿಳಿಸಿದೆ. ಇತ್ತೀಚಿನ ಸಂಪರ್ಕವಾಗಿದ್ದರೆ ಪ್ರತಿಕಾಯ ಮೂಡಲು 12 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕಾಗುತ್ತದೆ, ಇವರಿಗೆ ಮೂರು ವರ್ಷ ದಾಟಿದ್ದರಿಂದ ಕಾಯುವ ಪ್ರಶ್ನೆಯಿರಲಿಲ್ಲ. ಮುಂದೆ ಎಂದಾದರೂ ಗುಳ್ಳೆ ಕಂಡರೆ, ಅದು ಒಣಗುವ ಮೊದಲೇ, ಸಾಧ್ಯವಾದರೆ ಎರಡು ದಿನದೊಳಗೆ ಅದರಿಂದ ಸ್ವಾಬ್ ತೆಗೆಸಿ ಪಿಸಿಆರ್ ಮಾಡಿಸಬೇಕು, ರಕ್ತಪರೀಕ್ಷೆಗಿಂತ ಅದು ನಂಬಲರ್ಹ. ಖರ್ಚಿನ ಚಿಂತೆಯಿದ್ದರೆ ಜಿಲ್ಲಾಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳಿಗಾಗಿ ಇರುವ ಸುರಕ್ಷಾ ಕ್ಲಿನಿಕ್‌ನಲ್ಲಿ ತಪಾಸಣೆ ಮತ್ತು ಔಷಧಿ ಉಚಿತ, ಗೋಪ್ಯತೆಯೂ ಇರುತ್ತದೆ.

ಮನೆಯಲ್ಲಿ ಇನ್ನೊಂದು ತೊಡಕಿತ್ತು. ಅವರ ತಮ್ಮನು ಮೊಬೈಲಿನಲ್ಲಿ ಹರ್ಪಿಸ್ ಎಂದು ಹುಡುಕಿ, ಸರ್ಪಸುತ್ತು ಎಂದು ಅಮ್ಮನಿಗೆ ಹೇಳಿಬಿಟ್ಟಿದ್ದ. ಅಮ್ಮ ನಾಗದೋಷವೆಂದು ಹೆದರಿ ಸುಬ್ರಹ್ಮಣ್ಯಕ್ಕೆ ಆಶ್ಲೇಷ ಬಲಿಯ ಹರಕೆ ಹೊತ್ತಿದ್ದರು. ಸರ್ಪಸುತ್ತು ಹರ್ಪಿಸ್ ಜೋಸ್ಟರ್, ಚಿಕನ್‌ಪಾಕ್ಸ್‌ನ ವೈರಸ್ಸೇ ಮತ್ತೆ ಎದ್ದಾಗ ಬರುವಂಥದ್ದು. ಹರ್ಪಿಸ್ ಸಿಂಪ್ಲೆಕ್ಸ್ ಅದೇ ಕುಟುಂಬದ ಬೇರೊಂದು ವೈರಸ್. ಹೆಸರು ಒಂದಾದರೂ ಕಾಯಿಲೆ ಬೇರೆ. ಹರಕೆಗೆ ಅಡ್ಡಿ ಹೇಳಬೇಡಿ, ಅಮ್ಮನಿಗೆ ಅದರಿಂದ ಸಮಾಧಾನ ಸಿಗುವುದಾದರೆ ಸಿಗಲಿ, ಆದರೆ ಇದು ಸರ್ಪಸುತ್ತಲ್ಲವೆಂಬುದನ್ನು ತಮ್ಮನಿಂದಲೇ ಹೇಳಿಸಿ ಎಂದೆ.

ಅವರನ್ನು ಹೆಚ್ಚು ಕಾಡಿದ್ದು ಹುಡುಗನಿಗೆ ಹೇಳುವ ವಿಚಾರ. ಅಂದೇ ರಾತ್ರಿ ಎಲ್ಲವನ್ನೂ ಹೇಳಿ ಮದುವೆ ಮುರಿಯಲು ಸಿದ್ಧವಾಗಿದ್ದರು. ನಿಮ್ಮ ಪ್ರಾಮಾಣಿಕತೆ ದೊಡ್ಡದು, ಆದರೆ ದೃಢವಾಗದ ವಿಷಯವನ್ನು ಸತ್ಯವೆಂಬಂತೆ ಹೇಳುವುದು ಪ್ರಾಮಾಣಿಕತೆಯಲ್ಲ ಎಂದೆ. ಆಟಿಯಲ್ಲಿ ಹೇಗೂ ಮದುವೆಯ ಓಡಾಟವಿಲ್ಲ, ಮೂರು ವಾರದ ಸಮಯ ಕೇಳಿಕೊಳ್ಳಿ, ದೃಢೀಕರಣವಾದ ಮೇಲೆ ಫಲಿತಾಂಶ ಏನೇ ಬಂದರೂ ಮುಚ್ಚಿಡದೆ ಹೇಳಿ ಎಂಬುದು ನನ್ನ ಸಲಹೆಯಾಗಿತ್ತು. ನಿಜವೇ ಆಗಿದ್ದರೆ ಏನು ಎಂಬುದನ್ನೂ ಮಾತಾಡಿದೆವು. ಇದನ್ನು ಪೂರ್ತಿ ಗುಣಪಡಿಸಲಾಗದು, ಆದರೆ ಅಸೈಕ್ಲೊವಿರ್‌ನಂತಹ ಮಾತ್ರೆ ಹತೋಟಿಯಲ್ಲಿಡುತ್ತದೆ. ಕಾಂಡೋಮ್ ಹರಡುವಿಕೆಯನ್ನು ತಗ್ಗಿಸುತ್ತದೆ. ಹಳೆಯ ಸೋಂಕಿದ್ದರೂ ವೈದ್ಯರಿಗೆ ತಿಳಿಸಿದ್ದರೆ ಗರ್ಭಿಣಿಯಾಗಿ ಆರೋಗ್ಯವಂತ ಮಗುವನ್ನು ಹಡೆಯುವುದು ಸಾಮಾನ್ಯ ಸಂಗತಿ. ಇದನ್ನು ಕೇಳುವಾಗ ಅವರು ಮೊದಲ ಬಾರಿ ಅತ್ತರು.

ಬೇರೆ ವಿಧಾನದ ಪರೀಕ್ಷೆ ನೆಗೆಟಿವ್ ಬಂತು. ತಪಾಸಣೆಯಲ್ಲಿ ಏನೂ ಕಾಣಲಿಲ್ಲ, ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಗಳೂ ನೆಗೆಟಿವ್. ಎಲ್ಲವನ್ನೂ ಒಟ್ಟಿಗೆ ನೋಡಿ, ಮೊದಲ ಫಲಿತಾಂಶವನ್ನು ಹುಸಿಯೆಂದೇ ಪರಿಗಣಿಸಬಹುದೆಂದು ವೈದ್ಯರು ಬರೆದುಕೊಟ್ಟರು. ಆದರೂ ಒಂದು ವಾರದ ನಂತರ ಬೆಂಗಳೂರಿನಲ್ಲಿ ಮೂರನೆಯದಕ್ಕೆ ರಕ್ತ ಕೊಡುತ್ತೇನೆಂದು ಕರೆ ಮಾಡಿದರು. ಈ ಬಾರಿ ನಾನು ಸಮ್ಮತಿಸಲಿಲ್ಲ. ಮೊದಲ ಸಂಶಯ ಪ್ರಶ್ನೆಯಾಗಿತ್ತು, ಅದಕ್ಕೆ ಉತ್ತರ ಸಿಕ್ಕಿದೆ, ಇನ್ನು ಮುಂದಿನದು ಭಯ, ಭಯಕ್ಕೆ ಪ್ರಯೋಗಾಲಯದಲ್ಲಿ ಉತ್ತರವಿಲ್ಲ, ಅದರ ಬಗ್ಗೆ ಮಾತಾಡಲು ಬನ್ನಿ ಎಂದೆ. ಇನ್ನೆರಡು ಸಲ ಬಂದರು.

ಕೊನೆಗೆ ಎರಡೂ ವರದಿಗಳನ್ನು ಅವರು ವೀಡಿಯೊ ಕರೆಯಲ್ಲಿ ಹುಡುಗನಿಗೆ ತೋರಿಸಿದರು. ಆತ ಕೇಳಿದ್ದು ಹಿಂದಿನ ಸಂಬಂಧದ ಬಗ್ಗೆ ಅಲ್ಲ. ಹಾಗಾದರೆ ನನ್ನ ನೆಗೆಟಿವ್‌ನ್ನೂ ಇನ್ನೊಮ್ಮೆ ನೋಡಿಸಬೇಕೇ ಎಂದು. ಲಕ್ಷಣವಿಲ್ಲದವರಿಗೆ ಈ ರಕ್ತಪರೀಕ್ಷೆಯನ್ನು ಮಾಡಿಸಬೇಡಿ ಎಂದೇ ಅಮೆರಿಕದ ತಜ್ಞರ ಸಮಿತಿ 2016ರಲ್ಲಿಯೂ 2023ರಲ್ಲಿಯೂ ಹೇಳಿದೆಯೆಂದು ನಾನು ಬರೆದು ಕಳುಹಿಸಿದೆ.