ಬೋರ್ಡು ಓದದ ಬಾಟ್‌ಗಳು

(ಸರ್ವರ್ ಆದೇಶಗಳನ್ನು ಇಲ್ಲಿ ಉಚ್ಚಾರದಂತೆ ಕೊಟ್ಟಿದ್ದೇವೆ. ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಬಾಟ್ ಎಂದರೆ ವೆಬ್ ಪುಟಗಳನ್ನು ತಾನಾಗಿ ತೆರೆದು ಓದುವ ಪ್ರೋಗ್ರಾಂ.)

ಪ್ರಶ್ನೆ: ನಾಪೋಕ್ಲು ಹತ್ತಿರ ನಮ್ಮದು ನಾಲ್ಕು ಕೋಣೆಯ ಹೋಂಸ್ಟೇ. ವೆಬ್‌ಸೈಟಿಗೆ ದಿನಕ್ಕೆ ಸಾವಿರಗಟ್ಟಲೆ ಹಿಟ್ ಬರುತ್ತದೆ, ಬುಕಿಂಗ್ ಮಾತ್ರ ಇಲ್ಲ. ತಿಂಗಳು ತುಂಬುವ ಮೊದಲೇ ಬ್ಯಾಂಡ್‌ವಿಡ್ತ್ ಮುಗಿದು ಸೈಟ್ ನಿಂತುಹೋಗುತ್ತದೆ. ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಫೈಲಿನಲ್ಲಿ ಎಲ್ಲ ಬಾಟ್‌ಗಳಿಗೂ ‘ಡಿಸ್‌ಅಲೋ’ (ಬರಬೇಡಿ) ಎಂದು ಬರೆದೆವು. ಏನೂ ಬದಲಾಗಲಿಲ್ಲ.
— ಹೋಂಸ್ಟೇ ಮಾಲೀಕರು, ನಾಪೋಕ್ಲು

ಉತ್ತರ: ಆ ಸಾಲನ್ನು ಇವತ್ತೇ ತೆಗೆಯಿರಿ. ಅದನ್ನು ಓದಿ ಹಿಂದೆ ಸರಿಯುವವರು ಗೂಗಲ್, ಬಿಂಗ್‌ನಂಥ ಮರ್ಯಾದಸ್ಥರು. ನಿಮಗೆ ಅತಿಥಿಗಳನ್ನು ಕಳಿಸುವವರೂ ಅವರೇ. 1994ರಿಂದ ರೂಢಿಯಲ್ಲಿದ್ದು 2022ರಲ್ಲಿ ಆರ್‌ಎಫ್‌ಸಿ 9309 (ಇಂಟರ್‌ನೆಟ್ ಮಾನದಂಡದ ದಾಖಲೆ) ಆಗಿ ಪ್ರಕಟವಾದ ಈ ಪದ್ಧತಿ ಬರೀ ಕೋರಿಕೆ, ಬೀಗವಲ್ಲ. ತೋಟದ ಗೇಟಿಗೆ ‘ಅಪ್ಪಣೆಯಿಲ್ಲದೆ ಒಳಗೆ ಬರಬಾರದು’ ಎಂದು ಬೋರ್ಡು ಹಾಕಿದರೆ ಮಂಗ ಓದುತ್ತದೆಯೇ?

ಯಾರನ್ನು ತಡೆಯಬೇಕು ಎಂಬುದು ಆಕ್ಸೆಸ್ ಲಾಗ್ (ಸೈಟಿಗೆ ಬಂದವರ ದಾಖಲೆ) ನೋಡಿದರೆ ಗೊತ್ತಾಗುತ್ತದೆ. ಸಿಪ್ಯಾನೆಲ್ (ಸೈಟ್ ನಿರ್ವಹಿಸುವ ತಂತ್ರಾಂಶ) ಇದ್ದರೆ ‘ರಾ ಆಕ್ಸೆಸ್’ನಿಂದ ಇಳಿಸಿಕೊಳ್ಳಿ. ಸಾಮಾನ್ಯವಾಗಿ ಪ್ರತಿ ಸಾಲಿನಲ್ಲಿ ಐಪಿ ವಿಳಾಸ (ಬಂದವರ ಇಂಟರ್‌ನೆಟ್ ಸಂಖ್ಯೆ), ಸಮಯ, ಕೇಳಿದ ಪುಟ, ಉತ್ತರದ ಕೋಡ್, ಎಷ್ಟು ಬೈಟ್ ಹೋಯಿತು, ಕೊನೆಗೆ ಬಂದವರು ಹೇಳಿಕೊಂಡ ಹೆಸರು, ಅಂದರೆ ಯೂಸರ್ ಏಜೆಂಟ್ ಇರುತ್ತವೆ. ಮೊದಲ ಕಾಲಂ ಪ್ರಕಾರ ಒಮ್ಮೆ, ಕೇಳಿದ ಪುಟದ ಪ್ರಕಾರ ಇನ್ನೊಮ್ಮೆ ಎಣಿಸಿ. ಹಿಟ್‌ಗಿಂತ ಬೈಟ್ ಮುಖ್ಯ, ಏಕೆಂದರೆ ಬಿಲ್ ಬರುವುದು ಅದಕ್ಕೆ.

ಹೋಂಸ್ಟೇ ಸೈಟುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಬುಕಿಂಗ್ ಕ್ಯಾಲೆಂಡರನ್ನು. ‘ಮುಂದಿನ ತಿಂಗಳು’ ಎಂಬ ಲಿಂಕ್‌ಗೆ ಕೊನೆಯೇ ಇರುವುದಿಲ್ಲ. ಬಾಟ್ ಅದನ್ನೇ ಒತ್ತುತ್ತ ಹೋಗುತ್ತದೆ. ಲಾಗ್‌ನಲ್ಲಿ 2071ರ ನವೆಂಬರ್ ಪುಟ ಕೇಳಿದ್ದು, ಸರ್ವರ್ 200 ಎಂದು ಉತ್ತರಿಸಿ ಪುಟ ಕೊಟ್ಟದ್ದು ಕಂಡರೆ ಕಾಯಿಲೆ ಅದೇ. ಎಷ್ಟು ಐಪಿ ತಡೆದರೂ ಅದು ವಾಸಿಯಾಗದು. ಹನ್ನೆರಡು ತಿಂಗಳಾಚೆಗಿನ ಯಾವ ಪುಟಕ್ಕೂ 404 (ಪುಟ ಇಲ್ಲ) ಕೊಡುವಂತೆ ಸೈಟ್ ಮಾಡಿದವರಿಗೆ ಹೇಳಿ. ರೋಬಾಟ್ಸ್ ಫೈಲಿನಲ್ಲಿ ಕ್ಯಾಲೆಂಡರ್ ಪುಟವೊಂದನ್ನೇ ಡಿಸ್‌ಅಲೋ ಮಾಡಿದರೆ ಗೂಗಲ್ ಕೂಡ ಆ ಸುಳಿಗೆ ಬೀಳುವುದಿಲ್ಲ.

ಆಮೇಲೂ ಉಳಿಯುವ ಬಾಟ್‌ಗಳನ್ನು ಯೂಸರ್ ಏಜೆಂಟ್ ಹೆಸರಿನ ಮೇಲೆ ತಡೆಯಬಹುದು. ಆದರೆ ಪೂರ್ತಿ ಹೆಸರು ಬರೆಯಿರಿ. ಬರೀ ‘ಬಾಟ್’ ಎಂದು ಹಾಕಿದರೆ ಗೂಗಲ್‌ಬಾಟ್, ಬಿಂಗ್‌ಬಾಟ್ ಎರಡೂ ಹೊರಗೆ. ತಡೆದ ಮೇಲೂ ಲಾಗ್‌ನಲ್ಲಿ ಸಾಲು ಬೀಳುತ್ತಲೇ ಇರುತ್ತದೆ, ಗಾಬರಿ ಬೇಡ. ಕೋಡ್ 403 (ಪ್ರವೇಶವಿಲ್ಲ) ಆಗಿ, ಬೈಟ್ ಕೆಲವು ನೂರಕ್ಕೆ ಇಳಿದಿದ್ದರೆ ಬೀಗ ಬಿದ್ದಿದೆ.

ಪ್ರಶ್ನೆ: ಕೆಲವು ಐಪಿ ತಡೆಯಲು ಎಚ್‌ಟಿಆಕ್ಸೆಸ್ ಫೈಲಿನಲ್ಲಿ (ಅಪಾಚೆ ಸರ್ವರ್ ಓದುವ ಆದೇಶಗಳ ಫೈಲು) ‘ರಿಕ್ವೈರ್ ನಾಟ್ ಐಪಿ’ ಬರೆದ ತಕ್ಷಣ ಇಡೀ ಸೈಟಿಗೆ 500 ಎರರ್ ಬಂತು. ಸರಿಮಾಡಿದ ಮೇಲೆ, ಬೆಂಗಳೂರಿನಿಂದ ಬರುವ ಗಿರಾಕಿಗಳು ಸೈಟ್ ತೆರೆಯುವುದೇ ಇಲ್ಲ ಅನ್ನುತ್ತಿದ್ದಾರೆ.
— ಕುಶಾಲನಗರದ ಓದುಗರು

ಉತ್ತರ: ಅಪಾಚೆ 2.4ರಲ್ಲಿ ‘ನಾಟ್’ ಇರುವ ಸಾಲು ಒಂಟಿಯಾಗಿ ನಿಲ್ಲದು. ‘ರಿಕ್ವೈರ್‌ಆಲ್’ ಆವರಣ ತೆರೆದು, ಒಳಗೆ ಮೊದಲು ‘ರಿಕ್ವೈರ್ ಆಲ್ ಗ್ರಾಂಟೆಡ್’, ಅದರ ಕೆಳಗೆ ‘ರಿಕ್ವೈರ್ ನಾಟ್ ಐಪಿ’ ಸಾಲುಗಳು, ಕೊನೆಗೆ ಆವರಣ ಮುಚ್ಚಬೇಕು. ಹಳೆಯ 2.2ರ ‘ಆರ್ಡರ್’, ‘ಡಿನೈ’ ಸಾಲುಗಳನ್ನು ಇವುಗಳ ಜೊತೆ ಬೆರೆಸಬೇಡಿ. ಯಾವುದು ಗೆಲ್ಲುತ್ತದೆ ಎಂದು ಹೇಳುವುದೇ ಕಷ್ಟ. ಫೈಲಿನ ಹಳೆಯ ಪ್ರತಿ ಕೈಯಲ್ಲಿಟ್ಟುಕೊಂಡೇ ತಿದ್ದಿ.

ಗಿರಾಕಿಗಳು ಹೊರಗೆ ಬಿದ್ದದ್ದು ವಿಳಾಸದ ಕೊನೆಗೆ ಬರೆಯುವ ಸಣ್ಣ ಅಂಕಿಯಿಂದ ಇರಬೇಕು. ಓರೆಗೆರೆ ಹಾಕಿ 24 ಬರೆದರೆ 256 ವಿಳಾಸಗಳಿಗೆ ತಡೆ, 16 ಬರೆದರೆ 65,536ಕ್ಕೆ. ಮೊಬೈಲ್ ಜಾಲದಲ್ಲಂತೂ ಒಂದೇ ಐಪಿಯ ಹಿಂದೆ ನೂರಾರು ಫೋನುಗಳು ಇರಬಹುದು. ಆದ್ದರಿಂದ ಡೇಟಾ ಸೆಂಟರ್‌ಗಳ ವಿಳಾಸಗಳನ್ನು ತಡೆಯಿರಿ. ಮೊಬೈಲ್ ಕಂಪನಿಯದ್ದಾದರೆ ಬಿಡಿ. ಯಾರ ವಿಳಾಸ ಎಂಬುದನ್ನು ‘ಹೂಈಸ್’ನಲ್ಲಿ ನೋಡಬಹುದು. ಕ್ಲೌಡ್‌ಫ್ಲೇರ್ (ಸೈಟಿಗೂ ಬರುವವರಿಗೂ ನಡುವೆ ನಿಲ್ಲುವ ಸೇವೆ) ಹಿಂದೆ ಸೈಟ್ ಇದ್ದರೆ ಇನ್ನೊಂದು ತೊಡಕು: ಲಾಗ್‌ನಲ್ಲಿ ಕಾಣುವುದು ಅವರದೇ ಐಪಿ, ಅದನ್ನು ತಡೆದರೆ ಎಲ್ಲರೂ ಹೊರಗೆ. ಮೊದಲು ‘ರಿಮೋಟ್‌ಐಪಿ’ ಮಾಡ್ಯೂಲ್ ಹಾಕಿಸಿ, ನಿಜವಾದ ವಿಳಾಸ ಬರುವಂತೆ ಮಾಡಿಕೊಳ್ಳಿ.

ಪ್ರಶ್ನೆ: ಗೂಗಲ್‌ಬಾಟ್ ಎಂದು ಹೇಳಿಕೊಂಡು ನಮ್ಮ ಕಾಫಿಪುಡಿ ಅಂಗಡಿಯ ವರ್ಡ್‌ಪ್ರೆಸ್ ಲಾಗಿನ್ ಪುಟಕ್ಕೆ ಯಾರೋ ಬಡಿಯುತ್ತಿದ್ದಾರೆ.
— ಗೋಣಿಕೊಪ್ಪಲಿನ ಓದುಗರು

ಉತ್ತರ: ಗೂಗಲ್‌ಬಾಟ್ ಪಾಸ್‌ವರ್ಡ್ ಹಾಕಿ ನೋಡುವುದಿಲ್ಲ. ಆದರೂ ಪರೀಕ್ಷಿಸಬೇಕೆಂದರೆ ಆ ಐಪಿಗೆ ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಹೆಸರು ಹುಡುಕುವುದು) ಕೇಳಿ. ಸಿಕ್ಕ ಹೆಸರು ಗೂಗಲ್‌ಬಾಟ್ ಡಾಟ್ ಕಾಮ್‌ನಲ್ಲಿ ಮುಗಿಯಬೇಕು, ಆ ಹೆಸರನ್ನು ತಿರುಗಿ ಕೇಳಿದರೆ ಅದೇ ಐಪಿ ಬರಬೇಕು. ಎರಡನೆಯದನ್ನು ಬಿಟ್ಟರೆ ಪರೀಕ್ಷೆಗೆ ಅರ್ಥವಿಲ್ಲ, ರಿವರ್ಸ್ ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು.

ಲಾಗಿನ್ ಪುಟಕ್ಕೆ ನಿಮ್ಮ ಮನೆಯ ಐಪಿ ಒಂದನ್ನೇ ಬಿಡುವ ಉಪಾಯ ಬೇಡ. ಮಳೆಗಾಲದಲ್ಲಿ ಕರೆಂಟ್ ಹೋಗಿ ಮೋಡೆಮ್ ಮತ್ತೆ ಶುರುವಾದಾಗ ಐಪಿ ಬದಲಾಗಿ, ನೀವೇ ಗೇಟಿನ ಹೊರಗೆ ನಿಲ್ಲಬಹುದು. ಅದರ ಬದಲು ಡಬ್ಲ್ಯುಪಿ-ಲಾಗಿನ್ ಫೈಲಿಗೆ ಸರ್ವರ್ ಮಟ್ಟದಲ್ಲೇ ಇನ್ನೊಂದು ಪಾಸ್‌ವರ್ಡ್ ಇಡಿ. ಬಾಟ್‌ಗಳು ವರ್ಡ್‌ಪ್ರೆಸ್ ತನಕ ಬರುವುದೇ ಇಲ್ಲ. ಎಕ್ಸ್‌ಎಂಎಲ್‌ಆರ್‌ಪಿಸಿ (ಹೊರಗಿನ ಆ್ಯಪ್‌ಗಳು ವರ್ಡ್‌ಪ್ರೆಸ್ ಜೊತೆ ಮಾತಾಡುವ) ಫೈಲನ್ನು ಪೂರ್ತಿ ಮುಚ್ಚಬಹುದು, ಜೆಟ್‌ಪ್ಯಾಕ್ ಪ್ಲಗಿನ್ ಅಥವಾ ವರ್ಡ್‌ಪ್ರೆಸ್‌ನ ಮೊಬೈಲ್ ಆ್ಯಪ್ ಬಳಸದಿದ್ದರೆ ಮಾತ್ರ.

ಪ್ರಶ್ನೆ: ಎಚ್‌ಟಿಆಕ್ಸೆಸ್‌ನಲ್ಲಿ ಏನು ಬರೆದರೂ ಪರಿಣಾಮವೇ ಇಲ್ಲ.
— ವಿರಾಜಪೇಟೆಯ ಓದುಗರು

ಉತ್ತರ: ಫೈಲಿನ ಮೊದಲ ಸಾಲಿನಲ್ಲಿ ಅರ್ಥವಿಲ್ಲದ ಒಂದು ಪದ ಬರೆದು ಸೈಟ್ ತೆರೆಯಿರಿ. 500 ಬಂದರೆ ಸರ್ವರ್ ಫೈಲ್ ಓದುತ್ತಿದೆ. ಪದ ಅಳಿಸಿ, ತಪ್ಪು ಬೇರೆ ಕಡೆ ಹುಡುಕಿ. ಏನೂ ಆಗದಿದ್ದರೆ ಬಹುಶಃ ‘ಅಲೋಓವರ್‌ರೈಡ್ ನನ್’ (ಈ ಫೈಲನ್ನು ಗಮನಿಸಬೇಡ ಎಂಬ ಸರ್ವರ್ ಆದೇಶ) ಇದೆ, ಇಲ್ಲವೇ ಅದು ಅಪಾಚೆ ಅಲ್ಲ, ಎಂಜಿನ್ಎಕ್ಸ್ ಎಂಬ ಬೇರೆ ಸರ್ವರ್. ಎಂಜಿನ್ಎಕ್ಸ್ ಈ ಫೈಲನ್ನು ಓದುವುದೇ ಇಲ್ಲ. ಅಲ್ಲಿ ‘ಲಿಮಿಟ್ ರೆಕ್’ (ಕೋರಿಕೆಗೆ ಮಿತಿ ಹಾಕುವ ಆದೇಶ) ಬಳಸಿ ಒಂದು ಐಪಿಗೆ ಸೆಕೆಂಡಿಗೆ 2 ಕೋರಿಕೆ, ಬರ್ಸ್ಟ್ (ಒಮ್ಮೆಲೇ ಬಂದರೆ ಸಹಿಸುವ ಹೆಚ್ಚುವರಿ) 20 ಎಂದು ಶುರುಮಾಡಿ. ಮಿತಿ ಮೀರಿದವರಿಗೆ ತಾನಾಗಿ ಹೋಗುವ ಕೋಡ್ 503 (ಸೇವೆ ಸದ್ಯ ಸಿಗದು). ಅದನ್ನು 429ಕ್ಕೆ (ಕೋರಿಕೆ ಅತಿಯಾಯಿತು) ಬದಲಿಸಿ. ಮಿತಿಯನ್ನು ಪಿಎಚ್‌ಪಿ ಪುಟಗಳಿಗೆ ಮಾತ್ರ ಹಾಕಿ. ಚಿತ್ರಗಳಿಗೂ ಹಾಕಿದರೆ, ನಲವತ್ತು ಫೋಟೊ ಇರುವ ಪುಟ ತೆರೆದ ಅತಿಥಿಗೆ ಅರ್ಧ ಫೋಟೊ ಖಾಲಿ ಚೌಕವಾಗಿ ಕಾಣುತ್ತದೆ.