ಗೌಹರ್ ಜಾನ್ ರೆಕಾರ್ಡಿನ ದನಿ ಕೀರಲಾಗಿ ಬರುತ್ತಿದ್ದರೆ

ಮುಂಬೈ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಕೊಂಡ, ಹಳೆಯ ಕಾಲದ ಹಿಂದುಸ್ತಾನಿ ಗಾಯಕಿ ಗೌಹರ್ ಜಾನ್ ಅವರ ರೆಕಾರ್ಡನ್ನು ಕಂಪ್ಯೂಟರಿಗೆ ಇಳಿಸಿದಾಗ ದನಿ ಕೀರಲು ಅಂದಿರಿ. ಬಹುಶಃ ವೇಗದ ದೋಷ. ಆ ಕಾಲದ ರೆಕಾರ್ಡುಗಳೆಲ್ಲ ಸರಿಯಾಗಿ ನಿಮಿಷಕ್ಕೆ 78 ಸುತ್ತಿನಲ್ಲೇ ಮುದ್ರಣವಾದವಲ್ಲ. 74ರದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಏರುತ್ತದೆ.

ಮೊದಲು ಮುಳ್ಳು ನೋಡಿ. ನಂತರದ ಕಾಲದ ಎಲ್‌ಪಿ ರೆಕಾರ್ಡಿನ ಮುಳ್ಳು ಬೇಡ, 3 ಮಿಲ್‌ನದು (ಮಿಲ್ ಎಂದರೆ ಇಂಚಿನ ಸಾವಿರದ ಒಂದು ಭಾಗ) ಬೇಕು. ಸಣ್ಣ ಮುಳ್ಳು ಗೀರಿನ ತಳಕ್ಕಿಳಿದು ಕರಕರ ಹೆಚ್ಚಿಸುತ್ತದೆ. ಒರೆಸಲು ಸ್ಪಿರಿಟ್ ಮುಟ್ಟಲೇಬೇಡಿ, ರೆಕಾರ್ಡಿನಲ್ಲಿರುವ ಅರಗು ಕರಗಿ ರೆಕಾರ್ಡೇ ಹಾಳಾಗುತ್ತದೆ. ಡಿಸ್ಟಿಲ್ಡ್ ನೀರು, ಮೆತ್ತನೆ ಬಟ್ಟೆ ಸಾಕು. ಲೇಬಲ್ ನೆನೆಯಬಾರದು.

ಆಮೇಲೆ ಕೊನೆಯ ಕೆಲವು ಸೆಕೆಂಡು ಕೇಳಿ. ಅವರ ಎಷ್ಟೋ ರೆಕಾರ್ಡುಗಳ ಕೊನೆಗೆ 'ಮೈ ನೇಮ್ ಈಸ್ ಗೌಹರ್ ಜಾನ್' ಎಂಬ ಘೋಷಣೆಯಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಿಸಿ ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚು ಹಾಕುತ್ತಿದ್ದಾಗ ಅಲ್ಲಿನವರಿಗೆ ಗುರುತು ಸಿಗಲೆಂದು ಹೇಳಿದ್ದು. ನಿಮಗದು ವರ. ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ಸ್ಪೀಡನ್ನು ಶೇ. 1ರಂತೆ ಇಳಿಸುತ್ತ ಆ ಮಾತು ಸಹಜವಾಗುವಲ್ಲಿ ನಿಲ್ಲಿಸಿ. ಪಿಚ್ ಒಂದನ್ನೇ ಇಳಿಸಿದರೆ ಲಯ ಓಡುತ್ತಲೇ ಇರುತ್ತದೆ. ಹಿಂದೆ ಹಾರ್ಮೋನಿಯಂ ಇದ್ದರೆ ಷಡ್ಜ ಯಾವುದಾದರೂ ಕೀಲಿಗೆ ಕೂರುತ್ತದೆಯೇ ನೋಡಿ. ಇದೂ ಅಂದಾಜೇ, ಅಂದಿನ ಹಾರ್ಮೋನಿಯಂ ಇಂದಿನ ಶ್ರುತಿಯಲ್ಲೇ ಇತ್ತೆನ್ನಲಾಗದು.

ತೀರಾ ಇಳಿಸಬೇಡಿ. ಮೈಕ್ ಇಲ್ಲದೆ ಕಹಳೆಯೊಳಗೆ ಎತ್ತರದಲ್ಲಿ ಹಾಡಿದ್ದು. ಆ ತೀಕ್ಷ್ಣತೆ ಅವರದೇ, ಅದು ಉಳಿಯಲಿ.

ಹಾಡಿನ ರಚನೆಯೂ ಅವರದೇನಾ ಎಂದು ಕೇಳಿದ್ದಿರಿ. ಗಜಲಾಗಿದ್ದರೆ ಕೊನೆಯ ದ್ವಿಪದಿಯಲ್ಲಿ 'ಹಮ್‌ದಮ್' ಇದೆಯೇ ಆಲಿಸಿ. ಅದು ಅವರ ಕಾವ್ಯನಾಮ.