ಪುಟ್ಟ ನಾಯಿ ಇರುವ ಮನೆಗೆ ದೊಡ್ಡ ನಾಯಿ ಬರುವಾಗ

ಪ್ರಶ್ನೆ: ನಮ್ಮ ಮನೆಯಲ್ಲಿ 7 ವರ್ಷದ, 4 ಕಿಲೋ ತೂಕದ ಪೊಮೆರೇನಿಯನ್ ಹೆಣ್ಣುನಾಯಿ ಇದೆ. ಬಂಧುಗಳೊಬ್ಬರು ಊರು ಬಿಡುತ್ತಿರುವುದರಿಂದ ಅವರ 32 ಕಿಲೋ ತೂಕದ ಲ್ಯಾಬ್ರಡಾರ್ ಗಂಡುನಾಯಿಯನ್ನು ಇನ್ನು ಮುಂದೆ ನಾವೇ ಸಾಕಬೇಕಾಗಿದೆ. ಅದು ಬಹಳ ಸಾಧು ಎನ್ನುತ್ತಾರೆ, ಆದರೆ ನಮ್ಮದು ಬೇರೆ ನಾಯಿಗಳನ್ನು ಕಂಡರೆ ಗುರುಗುಟ್ಟುತ್ತದೆ. ಮೊದಲ ದಿನ ಅದನ್ನು ಎತ್ತಿಕೊಂಡು ಹೊಸ ನಾಯಿಗೆ ತೋರಿಸಬಹುದೇ? ಗುರುಗುಟ್ಟಿದರೆ ಗದರಿಸಬೇಕೇ?

ಉತ್ತರ: ಎತ್ತಿಕೊಂಡು ತೋರಿಸುವುದು ಬೇಡ. ತೋಳಿನಲ್ಲಿ ಸಿಕ್ಕಿಕೊಂಡ ನಾಯಿಗೆ ಹಿಂದೆ ಸರಿಯಲು ದಾರಿಯೇ ಇರುವುದಿಲ್ಲ. ಕೆಳಗಿರುವ ದೊಡ್ಡ ನಾಯಿ ಅದನ್ನು ಮೂಸಲೆಂದು ಎದ್ದು ನಿಂತು ನಿಮ್ಮ ಮೈಮೇಲೆ ಕಾಲಿಡುತ್ತದೆ, ಆಗ ನಿಮಗೂ ಗಾಯವಾದೀತು.

ಲ್ಯಾಬ್ರಡಾರ್ ಸಾಧು ಎಂಬುದನ್ನು ನಂಬೋಣ. ಆದರೂ ನನ್ನ ಚಿಂತೆ ಇರುವುದು ಎರಡರ ನಡುವಿನ ಎಂಟು ಪಟ್ಟು ತೂಕದ ಅಂತರದ ಬಗ್ಗೆ. ಯಾವ ದ್ವೇಷವೂ ಇಲ್ಲದೆ, ಆಟದ ಹುರುಪಿನಲ್ಲಿ ಬೀಸಿದ ಒಂದು ಪಂಜದಿಂದಲೇ ಪುಟ್ಟ ನಾಯಿಯ ಕುತ್ತಿಗೆಗೋ ಬೆನ್ನುಮೂಳೆಗೋ ಕಣ್ಣಿಗೋ ಪೆಟ್ಟಾಗಬಹುದು. ಸಣ್ಣ ನಾಯಿ ಕಿರುಚಿ ಓಡಿದಾಗ, ಅದುವರೆಗೆ ಆಡುತ್ತಿದ್ದ ದೊಡ್ಡ ನಾಯಿಯಲ್ಲಿ ಬೆನ್ನಟ್ಟುವ ಪ್ರವೃತ್ತಿ ತಟ್ಟನೆ ಕೆರಳುವುದೂ ಉಂಟು. ಆದ್ದರಿಂದ ನಿಮ್ಮ ಪೊಮೆರೇನಿಯನ್‌ಗೆ ಬೇಕೆನಿಸಿದಾಗ ದೂರ ಹೋಗುವ ಅವಕಾಶ ಎಂದೂ ತಪ್ಪಬಾರದು. ಉಳಿದ ವ್ಯವಸ್ಥೆಯೆಲ್ಲ ಇದಕ್ಕೆ ಹೊಂದಿಕೊಂಡಿರಲಿ.

ಎರಡಕ್ಕೂ ರೇಬಿಸ್, ಡಿಸ್ಟೆಂಪರ್, ಪಾರ್ವೊ ಲಸಿಕೆಗಳು ಆಗಿವೆಯೇ ಎಂದು ಪಶುವೈದ್ಯರಲ್ಲಿ ಮೊದಲೇ ಖಚಿತಪಡಿಸಿಕೊಳ್ಳಿ. ಭೇಟಿಗೆ ಕೆಲವು ದಿನ ಮುಂಚೆ ಒಂದರ ಹಾಸುಬಟ್ಟೆಯನ್ನು ಇನ್ನೊಂದರ ಬಳಿ ಇಟ್ಟರೆ ವಾಸನೆಯ ಪರಿಚಯವಾಗುತ್ತದೆ. ಮೊದಲ ಭೇಟಿ ಮನೆಯೊಳಗೆ ನಡೆಯಬಾರದು. ಎರಡಕ್ಕೂ ತಮ್ಮದಲ್ಲದ ಬಯಲಿನಲ್ಲಿ, ಇಬ್ಬರು ಒಂದೊಂದು ನಾಯಿಯನ್ನು ಹಿಡಿದು, ನಡುವೆ ಸಾಕಷ್ಟು ಅಂತರ ಬಿಟ್ಟು ಒಂದೇ ದಿಕ್ಕಿಗೆ ನಡೆಯಿರಿ. ಹಗ್ಗ ಸಡಿಲವಾಗಿರಲಿ, ಏಕೆಂದರೆ ಜಗ್ಗಿದ ಹಗ್ಗ ನಾಯಿಯ ಆತಂಕವನ್ನು ಹೆಚ್ಚಿಸುತ್ತದೆ. ಎರಡೂ ನೆಲ ಮೂಸುತ್ತಾ, ಮೈ ಸಡಿಲಬಿಟ್ಟು ನಡೆಯತೊಡಗಿದ ಮೇಲೆ ಅಂತರವನ್ನು ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡಿ. ಮುಖಾಮುಖಿ ನಿಲ್ಲಿಸದೆ, ಬದಿಯಿಂದ ಬಂದು ಮೂರು ಸೆಕೆಂಡು ಮೂಸಲು ಬಿಟ್ಟು, ಮೆಲ್ಲನೆ ಕರೆದುಕೊಂಡು ಮುಂದೆ ನಡೆಯಿರಿ. ಮೈ ಬಿಗಿಯಾಗಿ, ಬಾಯಿ ಮುಚ್ಚಿ, ರೆಪ್ಪೆ ಮಿಟುಕಿಸದೆ ದಿಟ್ಟಿಸುವ ನಾಯಿಯನ್ನು ಕಂಡರೆ ತಡಮಾಡದೆ ದೂರ ಸರಿಸಬೇಕು. ಒಂದೇ ದಿನದಲ್ಲಿ ಇದು ಮುಗಿಯದಿದ್ದರೆ ಬೇಸರಪಡಬೇಡಿ, ಮರುದಿನ ಮತ್ತೆ ನಡೆಯಿರಿ.

ಗುರುಗುಟ್ಟಿದ್ದಕ್ಕೆ ಗದರಿಸಬಾರದು. 'ಇಷ್ಟು ಹತ್ತಿರ ಬೇಡ' ಎಂದು ತಿಳಿಸಲು ಅದಕ್ಕಿರುವ ಸಭ್ಯವಾದ ದಾರಿ ಅದು. ಆ ಎಚ್ಚರಿಕೆಯನ್ನು ದಂಡಿಸಿ ಅಡಗಿಸಿದರೆ ನಾಯಿ ಮುಂದೆ ಸದ್ದಿಲ್ಲದೆ ಕಚ್ಚಲು ಕಲಿಯಬಹುದು. ಗುರುಗುಟ್ಟಿದಾಗ ಲ್ಯಾಬ್ರಡಾರನ್ನು ಕರೆದು ಅಂತರ ಹೆಚ್ಚಿಸಿ. ಅದು ಮುಖ ತಿರುಗಿಸಿ ನಿಮ್ಮ ಬಳಿ ಬಂದರೆ ತಿನಿಸು ಕೊಟ್ಟು ಮೆಚ್ಚಿಕೊಳ್ಳಿ. ಹೊಸ ಮನೆಗೆ ಬಂದ ಆ ದೊಡ್ಡ ಪ್ರಾಣಿಯೂ ತನ್ನವರನ್ನು ಕಳೆದುಕೊಂಡು ಕಂಗಾಲಾಗಿರುತ್ತದೆ ಎಂಬುದು ನೆನಪಿರಲಿ.

ಮನೆಯೊಳಗೆ ಊಟದ ಬಟ್ಟಲುಗಳನ್ನು ಬೇರೆಬೇರೆ ಕೋಣೆಗಳಲ್ಲಿಡಿ, ಆಟಿಕೆಗಳನ್ನೂ ಎಲುಬುಗಳನ್ನೂ ಎತ್ತಿಡಿ. ಪುಟ್ಟ ನಾಯಿ ಮಾತ್ರ ನುಸುಳಬಲ್ಲ ಅಡ್ಡಗೇಟಿನ ಹಿಂದೆ ಅದರ ಹಾಸಿಗೆ, ನೀರು ಇರಲಿ. ನಿಮ್ಮ ಕಣ್ಣೆದುರಿಗಿಲ್ಲದ ಹೊತ್ತಿನಲ್ಲಿ, ರಾತ್ರಿಯಲ್ಲಿ ಕೂಡ, ಎರಡನ್ನೂ ಬೇರೆಬೇರೆಯಾಗಿಯೇ ಇರಿಸಿ; ಈ ನಿಯಮ ಕೆಲವು ತಿಂಗಳಾದರೂ ಬೇಕು, ಇಷ್ಟು ತೂಕದ ವ್ಯತ್ಯಾಸವಿರುವಾಗ ಅದನ್ನು ಸದಾ ಪಾಲಿಸಿದರೂ ನಾನು ಅತಿಯೆನ್ನುವುದಿಲ್ಲ. ಜಗಳವಾದರೆ ನಡುವೆ ಕೈ ಹಾಕದೆ, ದಪ್ಪ ಕಂಬಳಿಯನ್ನೋ ಹಲಗೆಯನ್ನೋ ಅಡ್ಡ ತನ್ನಿ. ಲ್ಯಾಬ್ರಡಾರ್ ಚಿಕ್ಕದನ್ನು ಹೊಂಚುಹಾಕುವಂತೆ ಹಿಂಬಾಲಿಸಿದರೆ, ಇಲ್ಲವೇ ಪೊಮೆರೇನಿಯನ್ ಊಟ ಬಿಟ್ಟು ಅವಿತುಕೊಂಡರೆ, ಎರಡನ್ನೂ ಕೂಡಲೇ ಬೇರ್ಪಡಿಸಿ ನಾಯಿಗಳ ನಡವಳಿಕೆಯನ್ನು ಬಲ್ಲ ಪಶುವೈದ್ಯರನ್ನು ಕಾಣಿರಿ.